ನಗುತ್ತಾ ಬರೆದದ್ದನ್ನು ನಿಜವೆಂದು ಓದುವುದು ಹೇಗೆ?

ಪ್ರಶ್ನೆ: ಡೆನ್ಮಾರ್ಕಿನ ಕೀರ್ಕೆಗಾರ್ಡ್ ಬರೆದ 'ಅದೋ ಇದೋ' ಪುಸ್ತಕವನ್ನು ಇಂಗ್ಲಿಷ್ ಅನುವಾದದಲ್ಲಿ ಓದಿದೆ. ಮೊದಲ ಭಾಗದಲ್ಲಿ ಒಬ್ಬ ಸುಖವೇ ಎಲ್ಲ ಅನ್ನುತ್ತಾನೆ. ಎರಡನೆಯ ಭಾಗದಲ್ಲಿ ಇನ್ನೊಬ್ಬ ಮದುವೆ, ಹೊಣೆ ಅಂತ ಬುದ್ಧಿ ಹೇಳುತ್ತಾನೆ. ಮುನ್ನುಡಿ ಬರೆದವನು ಇವರಿಬ್ಬರೂ ಯಾರೋ ತನಗೆ ಗೊತ್ತಿಲ್ಲ ಅನ್ನುತ್ತಾನೆ. ಅವನದ್ದೂ ಕಟ್ಟಿಕೊಂಡ ಹೆಸರು. ಇಷ್ಟೆಲ್ಲ ತಮಾಷೆ ಮಾಡುವವನನ್ನು ಧಾರ್ಮಿಕ ಚಿಂತಕ ಅಂತ ಯಾಕೆ ಕರೆಯುತ್ತಾರೆ? ಯಾವುದು ವ್ಯಂಗ್ಯ, ಯಾವುದು ನಿಜವಾದ ಮಾತು ಅಂತ ನಾವು ತಿಳಿಯುವುದು ಹೇಗೆ? ಇನ್ನೊಂದು ಮಾತು. ಎಲ್ಲರನ್ನೂ ಗೇಲಿ ಮಾಡಿದ ಈತ, ಒಂದು ಪತ್ರಿಕೆ ತನ್ನನ್ನು ಗೇಲಿ ಮಾಡಿದಾಗ ತುಂಬಾ ನೊಂದುಕೊಂಡನಂತೆ. ಇದು ಸರಿಯಾ?

ಉತ್ತರ: ನಿಮ್ಮ ಪ್ರಶ್ನೆ ಓದಿ ಖುಷಿಯಾಯಿತು. ಆ ಪುಸ್ತಕ ಓದಿ ತಲೆ ಕೆಟ್ಟಿದ್ದರೆ ತಪ್ಪು ನಿಮ್ಮದಲ್ಲ. ಓದುಗರು ಅಲ್ಲೇ ಸಿಕ್ಕಿಕೊಳ್ಳಲಿ ಅಂತಲೇ ಸೋರೆನ್ ಕೀರ್ಕೆಗಾರ್ಡ್ ಅದನ್ನು ಹಾಗೆ ಕಟ್ಟಿದ್ದಾನೆ. ನಾನು ಮೊದಲ ಸಲ ಓದಿದಾಗ ಪೆನ್ಸಿಲ್ ಹಿಡಿದು 'ಇದು ಅವನ ಅಭಿಪ್ರಾಯ', 'ಇದು ಅಲ್ಲ' ಅಂತ ಅಂಚಿನಲ್ಲಿ ಗುರುತು ಹಾಕುತ್ತಾ ಹೋದೆ. ಐವತ್ತು ಪುಟ ದಾಟುವಷ್ಟರಲ್ಲಿ ಪೆನ್ಸಿಲ್ ಕೆಳಗಿಟ್ಟೆ. ಆಮೇಲೆ ವರ್ಷಗಟ್ಟಲೆ ಓದಿ, ಪಾಠ ಮಾಡಿ, ನನಗೆ ಒಂದು ವಿಷಯ ಗಟ್ಟಿಯಾಯಿತು. ಅವನ ವ್ಯಂಗ್ಯದ ಹಿಂದೆ ಯಾವುದೋ ಅಭಿಪ್ರಾಯ ಬಚ್ಚಿಟ್ಟಿದೆ ಅಂತ ಹುಡುಕಹೊರಟರೆ ಕೈಗೆ ಏನೂ ಸಿಗುವುದಿಲ್ಲ. ಆ ವ್ಯಂಗ್ಯ ಯಾರನ್ನು ಒಂಟಿಯಾಗಿ ನಿಲ್ಲಿಸುತ್ತಿದೆ ಅಂತ ನೋಡಬೇಕು. ಹೆಚ್ಚಿನ ಸಲ ಅದು ಓದುಗನನ್ನೇ.

ಮೊದಲು ಪದದ ವಿಷಯ. ಕನ್ನಡದಲ್ಲಿ 'ವ್ಯಂಗ್ಯ' ಅಂದ ಕೂಡಲೇ ನಮಗೆ ಕೊಂಕು ಮಾತು ನೆನಪಾಗುತ್ತದೆ. ತಡವಾಗಿ ಬಂದವನಿಗೆ 'ಎಷ್ಟು ಬೇಗ ಬಂದೆಯಪ್ಪಾ' ಅಂದ ಹಾಗೆ. ಅದೂ ವ್ಯಂಗ್ಯವೇ, ಆದರೆ ತೀರಾ ಚಿಕ್ಕದು. ಹೇಳಿದವನಿಗೂ ಕೇಳಿದವನಿಗೂ ಅರ್ಥ ಗೊತ್ತು. ಒಗಟು ಹೇಳುವಾಗಲೇ ಉತ್ತರವೂ ಕೈಯಲ್ಲಿದ್ದ ಹಾಗೆ ಅಂತ ಕೀರ್ಕೆಗಾರ್ಡ್ ಇಂಥದ್ದರ ಬಗ್ಗೆ ಹೇಳುತ್ತಾನೆ. ಅವನು ಬೆನ್ನುಹತ್ತಿದ ವ್ಯಂಗ್ಯ ಒಂದು ವಾಕ್ಯದೊಳಗೆ ಮುಗಿಯುವಂಥದ್ದಲ್ಲ. ಒಬ್ಬ ಮನುಷ್ಯನ ಇಡೀ ಬದುಕೇ ಹಾಗಿರುತ್ತದೆ. ವಿಡಂಬನೆಯ ದಾರಿ ಬೇರೆ. ಅದಕ್ಕೆ ಎದುರಿಗೆ ಒಂದು ಗುರಿ ಬೇಕು. ಒಬ್ಬ ವ್ಯಕ್ತಿ, ಒಂದು ಪದ್ಧತಿ, ಒಂದು ಊರು. ವ್ಯಂಗ್ಯ ಮಾಡುವವನು ತಾನೆಲ್ಲಿ ನಿಂತಿದ್ದೇನೆ ಅಂತ ಬಿಟ್ಟುಕೊಡುವುದಿಲ್ಲ. ವಿಡಂಬನೆ ಮಾಡುವವನು ಎಲ್ಲಿಂದ ಕಲ್ಲು ಬೀಸುತ್ತಿದ್ದಾನೆ ಅಂತ ಎಲ್ಲರಿಗೂ ಕಾಣುತ್ತದೆ. ಕೀರ್ಕೆಗಾರ್ಡ್ 1841ರಲ್ಲಿ ಮೊದಲನೆಯದರಿಂದ ಶುರುಮಾಡಿದ, 1855ರಲ್ಲಿ ಎರಡನೆಯದರಲ್ಲಿ ಮುಗಿಸಿದ.

1841ರಲ್ಲಿ ಅವನಿಗೆ 28 ವರ್ಷ. ಕೋಪನ್‌ಹೇಗನ್ ವಿಶ್ವವಿದ್ಯಾಲಯಕ್ಕೆ ಅವನು ಕೊಟ್ಟ ಪ್ರಬಂಧದ ಹೆಸರೇ 'ವ್ಯಂಗ್ಯದ ಪರಿಕಲ್ಪನೆ, ಸಾಕ್ರಟೀಸನನ್ನು ಸದಾ ಗಮನದಲ್ಲಿಟ್ಟು'. ಆಗ ಇಂಥ ಪ್ರಬಂಧಗಳನ್ನು ಲ್ಯಾಟಿನ್ನಿನಲ್ಲಿ ಬರೆಯಬೇಕಿತ್ತು. ಈ ವಿಷಯವನ್ನು ಲ್ಯಾಟಿನ್ನಿನಲ್ಲಿ ಬರೆದರೆ ಜೀವ ಇರುವುದಿಲ್ಲ ಅಂತ ಅವನಿಗೆ ಗೊತ್ತಿತ್ತು. ಡೇನಿಶ್‌ನಲ್ಲಿ ಬರೆಯಲು ದೊರೆ ಎಂಟನೆಯ ಕ್ರಿಶ್ಚಿಯನ್‌ನಿಗೇ ಅರ್ಜಿ ಹಾಕಿ ಒಪ್ಪಿಗೆ ಪಡೆದ. ಸೆಪ್ಟೆಂಬರ್ 29ರಂದು ಪ್ರಬಂಧದ ಮೇಲಿನ ವಾದ ಮಾತ್ರ ಲ್ಯಾಟಿನ್ನಿನಲ್ಲೇ ನಡೆಯಿತು, ಏಳು ಗಂಟೆಗೂ ಜಾಸ್ತಿ ಹೊತ್ತು. ನನಗೆ ಈ ಅರ್ಜಿಯ ಸಂಗತಿ ತುಂಬಾ ಮುಖ್ಯ ಅನ್ನಿಸುತ್ತದೆ. ನಗು ತಾಯ್ನುಡಿಯಲ್ಲೇ ಹುಟ್ಟಬೇಕು ಅಂತ ತಿಳಿದ ತತ್ವಜ್ಞಾನಿ ಅವನು.

ಆ ಪ್ರಬಂಧದ ಸಾಕ್ರಟೀಸ್ ನಮ್ಮ ಪಠ್ಯಪುಸ್ತಕದ ಸಾಕ್ರಟೀಸ್ ಥರ ಇಲ್ಲ. ಅವನು 'ನನಗೇನೂ ಗೊತ್ತಿಲ್ಲ' ಅಂದದ್ದು ವಿನಯಕ್ಕಲ್ಲ. ನಿಜವಾಗಿಯೂ ಅವನ ಬಳಿ ಕೊಡಲು ಸಿದ್ಧಾಂತ ಇರಲಿಲ್ಲ ಅಂತ ಕೀರ್ಕೆಗಾರ್ಡ್ ವಾದ ಮಾಡುತ್ತಾನೆ. ಧೈರ್ಯ ಅಂದರೆ ಏನು, ಭಕ್ತಿ ಅಂದರೆ ಏನು ಅಂತ ಅವನು ಕೇಳುತ್ತಾ ಹೋಗುತ್ತಾನೆ. ಎದುರಿನವನು ಗೊತ್ತಿದೆ ಅಂದುಕೊಂಡಿದ್ದೆಲ್ಲ ಒಂದೊಂದಾಗಿ ಕಳಚಿಬೀಳುತ್ತದೆ. ಆ ಜಾಗಕ್ಕೆ ಸಾಕ್ರಟೀಸ್ ಬೇರೇನೂ ತುಂಬುವುದಿಲ್ಲ. ಎದ್ದು ಹೊರಟುಬಿಡುತ್ತಾನೆ. ಖಾಲಿಯಾಗಿ ಉಳಿದವನು ಈಗ ತಾನೇ ಯೋಚಿಸಬೇಕು. ಸಾಕ್ರಟೀಸನನ್ನು ಚಿತ್ರಿಸಿದ ಮೂವರಲ್ಲಿ, ಅಂದರೆ ಕ್ಸೆನೊಫನ್, ಪ್ಲೇಟೊ, ಅರಿಸ್ಟೊಫೆನಿಸ್, ಇವರಲ್ಲಿ ನಿಜಕ್ಕೆ ತುಂಬಾ ಹತ್ತಿರ ಬಂದವನು ಅರಿಸ್ಟೊಫೆನಿಸ್ ಅಂತ ಅವನು ಹೇಳಿದ್ದು ಆಗ ಸಣ್ಣ ಮಾತಾಗಿರಲಿಲ್ಲ. ಅರಿಸ್ಟೊಫೆನಿಸ್ ಪ್ರಹಸನ ಬರೆಯುತ್ತಿದ್ದವನು. 'ಮೋಡಗಳು' ನಾಟಕದಲ್ಲಿ ಸಾಕ್ರಟೀಸನನ್ನು ಬುಟ್ಟಿಯಲ್ಲಿ ಕೂರಿಸಿ ಗಾಳಿಯಲ್ಲಿ ನೇತುಹಾಕಿದವನು. ಭಕ್ತಿಯಿಂದ ಬರೆದ ಶಿಷ್ಯರಿಗಿಂತ ಗೇಲಿ ಮಾಡಿದವನೇ ಗುರುವನ್ನು ಸರಿಯಾಗಿ ಕಂಡ ಅಂತ ಅವನ ತೀರ್ಮಾನ.

ಅದೇ ಪ್ರಬಂಧದ ಕೊನೆಯಲ್ಲಿ ಒಂದು ಎಚ್ಚರಿಕೆಯೂ ಇದೆ. ಶ್ಲೆಗೆಲ್, ಟೀಕ್ ಥರದ ಜರ್ಮನ್ ರೊಮ್ಯಾಂಟಿಕ್ ಬರಹಗಾರರು ಎಲ್ಲವನ್ನೂ ವ್ಯಂಗ್ಯದಿಂದ ನೋಡುತ್ತಿದ್ದರು. ಯಾವುದಕ್ಕೂ ಅಂಟಿಕೊಳ್ಳದೆ ಮೇಲೆ ತೇಲುತ್ತಿದ್ದರು. ಕೀರ್ಕೆಗಾರ್ಡ್ ಇದನ್ನು ಒಪ್ಪುವುದಿಲ್ಲ. ವ್ಯಂಗ್ಯವನ್ನು ಪಳಗಿಸಬೇಕು ಅನ್ನುತ್ತಾನೆ. ಅದು ಸತ್ಯವಲ್ಲ, ಸತ್ಯದ ಕಡೆಗೆ ಹೋಗುವ ದಾರಿ. ದಾರಿಯಲ್ಲೇ ಮನೆ ಕಟ್ಟಿಕೊಂಡು ಕೂತರೆ ಆಗಲಿಲ್ಲ. 'ಅದೋ ಇದೋ'ದ ಮೊದಲ ಭಾಗದ ಯುವಕ ಇದ್ದಾನಲ್ಲ, ಅವನು ಹೀಗೆ ದಾರಿಯಲ್ಲೇ ಕೂತವನು.

ಈಗ ಊರಿನ ಬಗ್ಗೆ ಸ್ವಲ್ಪ ಹೇಳಬೇಕು. ಅದಿಲ್ಲದೆ ಅವನ ಗೇಲಿ ಅರ್ಥವಾಗುವುದಿಲ್ಲ. ಆಗಿನ ಕೋಪನ್‌ಹೇಗನ್ ಕೋಟೆಗೋಡೆಯ ಒಳಗೆ ಒಂದೂಕಾಲು ಲಕ್ಷದಷ್ಟು ಜನ ಇದ್ದ ಊರು. ಬರೆಯುವವರು, ಪಾಠ ಹೇಳುವವರು, ಪಾದ್ರಿಗಳು, ನಾಟಕದವರು, ಎಲ್ಲರಿಗೂ ಎಲ್ಲರ ಪರಿಚಯ. ನಗುವುದನ್ನು ಕಲಿತ ಊರು ಅದು. ಹದಿನೆಂಟನೆಯ ಶತಮಾನದಲ್ಲೇ ಲುಡ್ವಿಗ್ ಹೋಲ್ಬರ್ಗ್ ಅಲ್ಲಿ ಪ್ರಹಸನಗಳನ್ನು ಬರೆದಿದ್ದ. ಅವನ ಒಂದು ನಾಟಕದಲ್ಲಿ ಹಳ್ಳಿಯ ಹುಡುಗ ರಾಸ್ಮುಸ್ ಬರ್ಗ್ ರಾಜಧಾನಿಗೆ ಹೋಗಿ ತರ್ಕ ಕಲಿತು, ಹೆಸರನ್ನು ಎರಾಸ್ಮುಸ್ ಮೊಂಟಾನುಸ್ ಅಂತ ಬದಲಿಸಿಕೊಂಡು ವಾಪಸ್ ಬರುತ್ತಾನೆ. ಕಲ್ಲು ಹಾರುವುದಿಲ್ಲ, ಅಮ್ಮನೂ ಹಾರುವುದಿಲ್ಲ, ಹಾಗಾಗಿ ಅಮ್ಮ ಕಲ್ಲು ಅಂತ ಸಾಬೀತು ಮಾಡುತ್ತಾನೆ. ಪಾಪ, ಆ ತಾಯಿ ಕಾಲು ತಣ್ಣಗಾಗುತ್ತಿದೆ ಅಂತ ಹೆದರಿ ಅಳುತ್ತಾಳೆ. ಓದಿದವನ ತರ್ಕಕ್ಕೂ ಅವನ ಬದುಕಿಗೂ ಇರುವ ಕಂದರ ಈ ದೃಶ್ಯದಲ್ಲಿ ಬಾಯಿಬಿಟ್ಟು ನಿಂತಿದೆ. ಕೀರ್ಕೆಗಾರ್ಡ್ ತನ್ನ ಬರಹದಲ್ಲಿ ಹೋಲ್ಬರ್ಗನನ್ನು ಮತ್ತೆ ಮತ್ತೆ ನೆನೆಯುತ್ತಾನೆ.

1830ರ ದಶಕದಲ್ಲಿ ಈ ಊರಿನಲ್ಲಿ ಜರ್ಮನ್ ತತ್ವಜ್ಞಾನಿ ಹೆಗೆಲ್‌ನ ವಿಚಾರಗಳ ಭರಾಟೆ ಜೋರಾಗಿತ್ತು. ತಂದವನು ನಾಟಕಕಾರ, ವಿಮರ್ಶಕ ಯೋಹಾನ್ ಲುಡ್ವಿಗ್ ಹೈಬರ್ಗ್. ವಿಶ್ವವಿದ್ಯಾಲಯದಲ್ಲಿ ಹಾನ್ಸ್ ಲಾಸೆನ್ ಮಾರ್ಟೆನ್ಸೆನ್ ಅದೇ ಧಾಟಿಯಲ್ಲಿ ದೇವತಾಶಾಸ್ತ್ರದ ಪಾಠ ಮಾಡುತ್ತಿದ್ದ. ಹುಡುಗರು ಮುಗಿಬೀಳುತ್ತಿದ್ದರು. ಎಲ್ಲವನ್ನೂ ಸಂದೇಹಿಸಬೇಕು, ಆಮೇಲೆ ಹೆಗೆಲ್‌ನನ್ನೂ ದಾಟಿ ಮುಂದೆ ಹೋಗಬೇಕು ಅನ್ನುವುದು ಆಗಿನ ಮಾತು. ದೇವರು, ಇತಿಹಾಸ, ಕಲೆ ಎಲ್ಲ ಒಂದೇ 'ವ್ಯವಸ್ಥೆ'ಯೊಳಗೆ ಕೂರುತ್ತವೆ, ಅದು ಇನ್ನೇನು ಮುಗಿಯುತ್ತದೆ ಅಂತ ನಂಬಿದ್ದರು. ಹೈಬರ್ಗ್ ಕಡಿಮೆಯವನಲ್ಲ ಅಂತಲೂ ಹೇಳಬೇಕು. ಅವನ 'ಸಾವಿನ ನಂತರ ಒಂದು ಆತ್ಮ' ಒಳ್ಳೆಯ ವಿಡಂಬನೆ. ಅದರಲ್ಲಿ ಕೋಪನ್‌ಹೇಗನ್ನಿನ ಒಬ್ಬ ಗೌರವಸ್ಥ ಸತ್ತು ಸ್ವರ್ಗಕ್ಕೂ ಸಲ್ಲದೆ, ಗ್ರೀಕರ ಪುಣ್ಯಲೋಕಕ್ಕೂ ಸಲ್ಲದೆ ನರಕಕ್ಕೆ ಬರುತ್ತಾನೆ. ಅಲ್ಲಿ ಎಲ್ಲ ತನ್ನ ಊರಿನ ಹಾಗೇ ಇದೆ ಅಂತ ನೆಮ್ಮದಿಯಾಗಿ ಉಳಿದುಬಿಡುತ್ತಾನೆ.

ಈ ವಾತಾವರಣದಲ್ಲಿ, 1843ರ ಫೆಬ್ರವರಿ 20ರಂದು, ನೀವು ಓದಿದ ಪುಸ್ತಕ ಹೊರಬಂತು. ಎಂಟುನೂರಕ್ಕೂ ಜಾಸ್ತಿ ಪುಟ. ಸಂಪಾದಕನ ಹೆಸರು ವಿಕ್ಟರ್ ಎರೆಮಿಟ. ಹಳೆಯ ಬರೆಯುವ ಮೇಜೊಂದನ್ನು ಕೊಂಡಿದ್ದನಂತೆ. ಒಂದು ದಿನ ಪ್ರಯಾಣದ ಅವಸರದಲ್ಲಿ ಹಣದ ಸೆಳೆಖಾನೆ ತೆರೆಯಲಿಲ್ಲ ಅಂತ ಕೊಡಲಿಯಿಂದ ಹೊಡೆದಾಗ ಗುಪ್ತ ಖಾನೆಯೊಂದು ತೆರೆದುಕೊಂಡು ಈ ಕಾಗದಗಳು ಸಿಕ್ಕವಂತೆ. ಇದು ಬರೀ ಕಥೆಗಾರಿಕೆಯ ಮೋಜಲ್ಲ. ಲೇಖಕನನ್ನು ಕೇಳೋಣ ಅಂದರೆ ಲೇಖಕ ಇಲ್ಲ. ಸಂಪಾದಕನನ್ನು ಕೇಳೋಣ ಅಂದರೆ ಅವನಿಗೆ ಗೊತ್ತಿಲ್ಲ. ಸಾಕ್ರಟೀಸ್ ಎದ್ದು ಹೊರಟ ಹಾಗೆ ಇಲ್ಲಿ ಕೀರ್ಕೆಗಾರ್ಡ್ ಪುಸ್ತಕದಿಂದಲೇ ಎದ್ದು ಹೊರಟಿದ್ದಾನೆ. ಉಳಿದದ್ದು ಸುಖ ಅನ್ನುವ ಯುವಕ, ಹೊಣೆ ಅನ್ನುವ ನ್ಯಾಯಾಧೀಶ, ಮತ್ತು ನೀವು.

ಆ ಯುವಕನ ಟಿಪ್ಪಣಿಗಳಲ್ಲಿ ಒಂದು ಚಿಕ್ಕ ಪ್ರಸಂಗ ಇದೆ, ನಿಮಗೆ ನೆನಪಿರಬಹುದು. ನಾಟಕಶಾಲೆಯ ಹಿಂಭಾಗಕ್ಕೆ ಬೆಂಕಿ ಬಿದ್ದಿದೆ. ವಿದೂಷಕ ರಂಗಕ್ಕೆ ಬಂದು ಹೇಳುತ್ತಾನೆ. ಜನ ತಮಾಷೆ ಅಂದುಕೊಂಡು ಚಪ್ಪಾಳೆ ತಟ್ಟುತ್ತಾರೆ. ಅವನು ಮತ್ತೆ ಹೇಳುತ್ತಾನೆ. ಚಪ್ಪಾಳೆ ಇನ್ನೂ ಜೋರಾಗುತ್ತದೆ. ಲೋಕ ಮುಗಿಯುವುದೂ ಹೀಗೇ ಇರಬೇಕು ಅಂತ ಯುವಕ ಬರೆಯುತ್ತಾನೆ. ಕೀರ್ಕೆಗಾರ್ಡ್ ತನ್ನ ಬರಹಕ್ಕೆ ಬರುವ ಗತಿಯನ್ನೇ ಇಲ್ಲಿ ಮೊದಲೇ ಬರೆದಿಟ್ಟಿದ್ದಾನೆ ಅಂತ ನನಗೆ ಪ್ರತಿ ಸಲ ಅನ್ನಿಸುತ್ತದೆ. ಪುಸ್ತಕ ಮೆಚ್ಚಿದವರಲ್ಲಿ ಬಹಳ ಜನ ಮೆಚ್ಚಿದ್ದು ಮೊದಲ ಭಾಗದ ಚುರುಕು ಮಾತನ್ನು, ಅದರೊಳಗಿನ ಪ್ರೇಮವಂಚಕನ ದಿನಚರಿಯನ್ನು. ಅದೇ ವರ್ಷ ಮೇ ತಿಂಗಳಲ್ಲಿ ಅವನು ತನ್ನ ಸ್ವಂತ ಹೆಸರಿನಲ್ಲಿ ಎರಡು ಧಾರ್ಮಿಕ ಪ್ರವಚನಗಳ ತೆಳು ಪುಸ್ತಕ ಪ್ರಕಟಿಸಿದ. ಅದನ್ನು ತೀರಿಹೋದ ತಂದೆಗೆ ಅರ್ಪಿಸಿದ್ದಾನೆ. ಒಳಗೆ ಒಂದಿಷ್ಟೂ ವ್ಯಂಗ್ಯ ಇಲ್ಲ. ಎಡಗೈಯಲ್ಲಿ 'ಅದೋ ಇದೋ' ಕೊಟ್ಟೆ, ಬಲಗೈಯಲ್ಲಿ ಪ್ರವಚನ ಕೊಟ್ಟೆ, ಆದರೆ ಹೆಚ್ಚುಕಡಿಮೆ ಎಲ್ಲರೂ ತಮ್ಮ ಬಲಗೈ ಚಾಚಿ ನನ್ನ ಎಡಗೈಯಲ್ಲಿದ್ದದ್ದನ್ನೇ ತೆಗೆದುಕೊಂಡರು ಅಂತ ಮುಂದೆ ಅವನು ಹೇಳಿಕೊಂಡ.

ಇದು ನಿಮ್ಮ 'ತಿಳಿಯುವುದು ಹೇಗೆ' ಅನ್ನುವುದಕ್ಕೆ ಅರ್ಧ ಉತ್ತರ. ಅವನು ಎರಡು ಕೈಯಲ್ಲೂ ಬರೆಯುತ್ತಿದ್ದ. ಹೆಸರು ನೋಡಿದರೆ ಯಾವ ಕೈ ಅಂತ ತಿಳಿಯುತ್ತದೆ. ಕಟ್ಟಿದ ಹೆಸರಿದ್ದರೆ ಆ ಹೆಸರಿನವನನ್ನು ಒಂದು ಪಾತ್ರ ಅಂತ ಓದಿ. 1846ರಲ್ಲಿ 'ಅವೈಜ್ಞಾನಿಕ ಹಿನ್ನುಡಿ' ಅನ್ನುವ ಪುಸ್ತಕದ ಕೊನೆಗೆ ಅವನೇ ಈ ಹೆಸರುಗಳೆಲ್ಲ ತನ್ನವು ಅಂತ ಒಪ್ಪಿಕೊಂಡ. ಜೊತೆಗೆ ಒಂದು ವಿನಂತಿ ಮಾಡಿದ. ಆ ಪುಸ್ತಕಗಳ ಮಾತನ್ನು ಎತ್ತಿ ಹೇಳುವಾಗ ದಯವಿಟ್ಟು ಆಯಾ ಪಾತ್ರದ ಹೆಸರು ಹಾಕಿ, ನನ್ನದಲ್ಲ. ಇವತ್ತು ಅವನ ಹೆಸರಿನಲ್ಲಿ ಓಡಾಡುವ ಎಷ್ಟೋ ಸುಭಾಷಿತಗಳು ಈ ವಿನಂತಿಯನ್ನು ಮುರಿದವು. ನನಗೆ ಇದು ನಿಜಕ್ಕೂ ಬೇಸರ ತರುವ ವಿಷಯ.

'ಅದೋ ಇದೋ' ಬಂದ ಕೆಲವೇ ದಿನಗಳಲ್ಲಿ ಹೈಬರ್ಗ್ ಅದರ ಗಾತ್ರ ನೋಡಿಯೇ ದಂಗಾದೆ ಅನ್ನುವ ಹಾಗೆ ಬರೆದ. ಕೀರ್ಕೆಗಾರ್ಡ್‌ಗೆ ಇದು ಚುಚ್ಚಿತು. 1844ರ ಜೂನ್ 17ರಂದು ಅವನು 'ಮುನ್ನುಡಿಗಳು' ಅನ್ನುವ ಪುಸ್ತಕ ತಂದ. ಹೆಸರಿಗೆ ತಕ್ಕ ಹಾಗೆ ಅದರಲ್ಲಿ ಇರುವುದು ಮುನ್ನುಡಿಗಳು ಮಾತ್ರ. ಲೇಖಕ ನಿಕೊಲೌಸ್ ನೊಟಬೆನೆ ಹೊಸದಾಗಿ ಮದುವೆಯಾದವನು. ಪುಸ್ತಕ ಬರೆಯುವುದು ಅಂದರೆ ಹೆಂಡತಿಗೆ ದ್ರೋಹ ಬಗೆದ ಹಾಗೆ ಅಂತ ಅವಳು ತಡೆದಿದ್ದಾಳೆ. ಪುಸ್ತಕ ಬೇಡ, ಮುನ್ನುಡಿ ಮಾತ್ರ ಬರೆಯಬಹುದು ಅಂತ ಅವನು ದಾರಿ ಕಂಡುಕೊಂಡಿದ್ದಾನೆ. ಹೈಬರ್ಗ್‌ಗೂ 'ವ್ಯವಸ್ಥೆ' ಬರೆಯುತ್ತೇವೆ ಅಂತ ಮಾತು ಕೊಡುತ್ತಲೇ ಇದ್ದವರಿಗೂ ಇದು ನೇರ ಏಟು. ಓದಿದರೆ ನಗು ಬರುತ್ತದೆ, ಆದರೆ ಅಲ್ಲಲ್ಲಿ ಸಿಟ್ಟು ಜಾಸ್ತಿಯಾಗಿ ನಗು ಹಿಂದೆ ಸರಿಯುತ್ತದೆ. ಅವನ ಪುಸ್ತಕಗಳಲ್ಲಿ ಇದನ್ನು ನಾನು ಮೊದಲ ಸಾಲಿಗೆ ಸೇರಿಸುವುದಿಲ್ಲ.

ಮೊದಲ ಸಾಲಿನದ್ದು 'ಹಿನ್ನುಡಿ'. ಅದರ ಲೇಖಕ ಯೊಹಾನೆಸ್ ಕ್ಲಿಮಾಕುಸ್ ಒಂದು ಭಾನುವಾರ ಫ್ರೆಡೆರಿಕ್ಸ್‌ಬರ್ಗ್ ತೋಟದಲ್ಲಿ ಸಿಗಾರ್ ಸೇದುತ್ತಾ ಕೂತಿದ್ದಾನೆ. ವಯಸ್ಸಾಗುತ್ತಿದೆ, ಏನೂ ಮಾಡಿಲ್ಲ. ಸುತ್ತಮುತ್ತ ಎಲ್ಲರೂ ಲೋಕದ ಬದುಕನ್ನು ಸುಲಭ ಮಾಡುತ್ತಿದ್ದಾರೆ. ಕೆಲವರು ರೈಲು, ಹಡಗು, ತಂತಿಯಿಂದ. ಕೆಲವರು ಸಂಕ್ಷಿಪ್ತ ಪುಸ್ತಕಗಳಿಂದ. ತತ್ವಜ್ಞಾನಿಗಳು 'ವ್ಯವಸ್ಥೆ'ಯಿಂದ ದೇವರ ವಿಷಯವನ್ನೇ ಸುಲಭ ಮಾಡಿಬಿಟ್ಟಿದ್ದಾರೆ. ಹಾಗಾದರೆ ನನಗೆ ಉಳಿದ ಕೆಲಸ ಒಂದೇ, ಏನನ್ನಾದರೂ ಕಷ್ಟ ಮಾಡುವುದು ಅಂತ ತೀರ್ಮಾನಿಸಿ ಇನ್ನೊಂದು ಸಿಗಾರ್ ಹಚ್ಚುತ್ತಾನೆ. ಹಗುರ ದೃಶ್ಯ. ಆದರೆ ಕೀರ್ಕೆಗಾರ್ಡ್ ನಿಜವಾಗಿಯೂ ಮಾಡಲು ಹೊರಟಿದ್ದು ಅದನ್ನೇ. ಕ್ರೈಸ್ತನಾಗುವುದು ತುಂಬಾ ಕಷ್ಟದ ಕೆಲಸ, ಅದನ್ನು ಡೆನ್ಮಾರ್ಕಿನಲ್ಲಿ ಹುಟ್ಟಿನ ಜೊತೆ ಸುಮ್ಮನೆ ಕೊಡುತ್ತಿದ್ದಾರೆ ಅಂತ ಅವನಿಗೆ ಅನ್ನಿಸಿತ್ತು. ಅದೇ ಪುಸ್ತಕದಲ್ಲಿ ಒಬ್ಬ ಗಂಡ 'ನಾನು ಕ್ರೈಸ್ತ ಹೌದೋ ಅಲ್ವೋ' ಅಂತ ಚಿಂತೆ ಮಾಡುತ್ತಾನೆ. ಹೆಂಡತಿ ಅವನನ್ನು ಸಮಾಧಾನ ಮಾಡುತ್ತಾಳೆ. ನೀವು ಡೇನ್ ಅಲ್ವಾ? ಡೆನ್ಮಾರ್ಕಿನಲ್ಲಿ ಲೂಥರನ ಕ್ರೈಸ್ತಧರ್ಮವೇ ಮುಖ್ಯ ಅಂತ ಭೂಗೋಳದ ಪುಸ್ತಕದಲ್ಲಿ ಇದೆಯಲ್ಲ? ನೀವು ಯಹೂದಿಯೂ ಅಲ್ಲ, ಮುಸಲ್ಮಾನನೂ ಅಲ್ಲ, ಮತ್ತೆ ಇನ್ನೇನಾಗಿರಲು ಸಾಧ್ಯ?

ಆ ಗಂಡನ ಪ್ರಶ್ನೆಯನ್ನು ಬಿಡಬೇಡಿ. ಆ ಇಡೀ ದೊಡ್ಡ ಪುಸ್ತಕ ಅವನೊಬ್ಬನ ಪರವಾಗಿ ನಿಂತಿದೆ.

ಇನ್ನೊಂದು ಪ್ರಸಂಗ. ಹುಚ್ಚಾಸ್ಪತ್ರೆಯಿಂದ ತಪ್ಪಿಸಿಕೊಂಡ ಒಬ್ಬನಿಗೆ ಊರಿನವರು ತನ್ನನ್ನು ಗುರುತು ಹಿಡಿದಾರು ಅನ್ನುವ ಭಯ. ಯಾರೂ ಅಲ್ಲಗಳೆಯದ ಸತ್ಯವನ್ನೇ ಹೇಳುತ್ತಿದ್ದರೆ ಹುಚ್ಚ ಅನ್ನುವುದಿಲ್ಲ ಅಂದುಕೊಳ್ಳುತ್ತಾನೆ. ನೆಲದಲ್ಲಿ ಬಿದ್ದ ಚೆಂಡೊಂದನ್ನು ಕೋಟಿನ ಹಿಂಬಾಲದಲ್ಲಿ ಹಾಕಿಕೊಳ್ಳುತ್ತಾನೆ. ಹೆಜ್ಜೆ ಇಟ್ಟಾಗಲೆಲ್ಲ ಅದು ಹಿಂದೆ ಬಡಿಯುತ್ತದೆ. ಬಡಿದಾಗಲೆಲ್ಲ 'ಢಂ! ಭೂಮಿ ದುಂಡಗಿದೆ' ಅನ್ನುತ್ತಾನೆ. ಅವನು ಹೇಳುವುದು ನೂರಕ್ಕೆ ನೂರು ನಿಜ. ಅದರಿಂದಲೇ ಅವನ ಹುಚ್ಚು ಹೊರಬೀಳುತ್ತದೆ. ಮಾತು ಸರಿ ಇದ್ದರೆ ಸಾಲದು, ಆ ಮಾತಿಗೂ ಹೇಳುವವನಿಗೂ ನಂಟು ಇರಬೇಕು ಅನ್ನುವುದನ್ನು ಇದಕ್ಕಿಂತ ಚೆನ್ನಾಗಿ ಹೇಳಿದ್ದು ನನಗೆ ಎಲ್ಲೂ ಸಿಕ್ಕಿಲ್ಲ. 1849ರ ಪುಸ್ತಕವೊಂದರಲ್ಲಿ ಇದೇ ಮಾತು ಬೇರೆ ರೂಪದಲ್ಲಿ ಬರುತ್ತದೆ. ಚಿಂತಕನೊಬ್ಬ ಇಡೀ ಜಗತ್ತು ಹಿಡಿಸುವ ಅರಮನೆ ಕಟ್ಟುತ್ತಾನೆ. ತಾನು ಮಾತ್ರ ಪಕ್ಕದ ನಾಯಿಗೂಡಿನಲ್ಲಿ ವಾಸ ಮಾಡುತ್ತಾನೆ.

ಇಲ್ಲಿ ಅವನ ಹಾಸ್ಯದ ಗುಟ್ಟು ಇದೆ. ಎಲ್ಲಿ ಬದುಕಿದೆಯೋ ಅಲ್ಲಿ ವಿರೋಧ ಇದೆ, ಎಲ್ಲಿ ವಿರೋಧ ಇದೆಯೋ ಅಲ್ಲಿ ನಗೆ ಇದೆ ಅಂತ ಕ್ಲಿಮಾಕುಸ್ ಹೇಳುತ್ತಾನೆ. ಹೇಳುವುದು ಒಂದು, ಬದುಕುವುದು ಇನ್ನೊಂದು. ಈ ಎರಡರ ನಡುವಿನ ಬಿರುಕಿನಲ್ಲಿ ಅವನು ಬೆರಳಿಡುತ್ತಾನೆ. ಹೆಗೆಲ್‌ನ ಬಗ್ಗೆ ದಿನಚರಿಯಲ್ಲಿ ಬರೆದ ಮಾತೂ ಇದೇ. ತನ್ನ ತರ್ಕಶಾಸ್ತ್ರವನ್ನೆಲ್ಲ ಬರೆದು ಮುನ್ನುಡಿಯಲ್ಲಿ 'ಇದು ಬರೀ ಆಲೋಚನೆಯ ಪ್ರಯೋಗ' ಅಂದಿದ್ದರೆ ಹೆಗೆಲ್ ಲೋಕದಲ್ಲೇ ದೊಡ್ಡ ಚಿಂತಕನಾಗುತ್ತಿದ್ದ. ಹಾಗೆ ಹೇಳದ್ದರಿಂದ ನಗೆಪಾಟಲಾದ.

ಈಗ ನಿಮ್ಮ ಕೊನೆಯ ಪ್ರಶ್ನೆ. ಪತ್ರಿಕೆಯ ಹೆಸರು 'ಕೋರ್ಸೇರನ್', ಅಂದರೆ ಕಡಲ್ಗಳ್ಳ. 1840ರಲ್ಲಿ ಮೇಯರ್ ಆರೋನ್ ಗೋಲ್ಡ್‌ಸ್ಮಿತ್ ಅನ್ನುವ ತರುಣ ಶುರುಮಾಡಿದ ವಿಡಂಬನೆಯ ವಾರಪತ್ರಿಕೆ. ದೊಡ್ಡವರನ್ನೆಲ್ಲ ಅದು ಗೇಲಿ ಮಾಡುತ್ತಿತ್ತು. ಅದಕ್ಕಾಗಿ ಗೋಲ್ಡ್‌ಸ್ಮಿತ್ ಜೈಲಿಗೂ ಹೋಗಿ ಬಂದ. ಕೀರ್ಕೆಗಾರ್ಡ್ ಅಂದರೆ ಅವನಿಗೆ ಅಭಿಮಾನ. ಹಾಗಾಗಿ ಅವನನ್ನು ಮುಟ್ಟಿರಲಿಲ್ಲ, ಹೊಗಳಿದ್ದೂ ಇತ್ತು. 1845ರ ಕೊನೆಯಲ್ಲಿ ಆ ಪತ್ರಿಕೆಗೆ ಹತ್ತಿರದವನಾದ ಪಿ. ಎಲ್. ಮೊಲ್ಲರ್ ಅನ್ನುವ ವಿಮರ್ಶಕ ಬೇರೆ ಕಡೆ ಕೀರ್ಕೆಗಾರ್ಡ್‌ನ ಪುಸ್ತಕವನ್ನು ಹಳಿದು ಬರೆದ. ಉತ್ತರವಾಗಿ ಕೀರ್ಕೆಗಾರ್ಡ್ ಡಿಸೆಂಬರ್ 27ರಂದು ಇನ್ನೊಂದು ಪತ್ರಿಕೆಯಲ್ಲಿ ಕಟ್ಟಿದ ಹೆಸರಿನಿಂದ ಬರೆದ. ಮೊಲ್ಲರ್‌ಗೂ 'ಕೋರ್ಸೇರನ್'ಗೂ ಇದ್ದ ನಂಟನ್ನು ಬಯಲು ಮಾಡಿದ. ಡೆನ್ಮಾರ್ಕಿನಲ್ಲಿ ನನ್ನೊಬ್ಬನನ್ನು ಮಾತ್ರ ಇನ್ನೂ ಬೈದಿಲ್ಲ, ನನ್ನನ್ನೂ ಬೇಗ ಬೈಯಿರಿ ಅಂತ ಕೇಳಿದ.

ಬೈದರು. 1846ರ ಜನವರಿಯಿಂದ ವಾರ ವಾರ ವ್ಯಂಗ್ಯಚಿತ್ರಗಳು ಬಂದವು. ಒಂದು ಕಾಲು ಉದ್ದ ಒಂದು ಕಾಲು ಗಿಡ್ಡ ಇರುವ ಪ್ಯಾಂಟು, ಬಾಗಿದ ಬೆನ್ನು, ಕೋಲಿನಂಥ ಕಾಲು. ಒಂದರಲ್ಲಿ ಸೂರ್ಯ ಚಂದ್ರರು ಕೂಡ ಅವನ ಸುತ್ತಲೇ ತಿರುಗುತ್ತಿದ್ದಾರೆ. ದಿನಾ ಬೀದಿಯಲ್ಲಿ ನಡೆದು, ಸಿಕ್ಕವರ ಹೆಗಲ ಮೇಲೆ ಕೈ ಹಾಕಿ ಮಾತಾಡುವುದು ಅವನಿಗೆ ಉಸಿರಾಟದಷ್ಟೇ ಬೇಕಾದದ್ದಾಗಿತ್ತು. ಈಗ ಹುಡುಗರು ಹಿಂದಿನಿಂದ ಕೂಗುತ್ತಿದ್ದರು. ಜನ ಅವನ ಮುಖ ಬಿಟ್ಟು ಪ್ಯಾಂಟು ನೋಡುತ್ತಿದ್ದರು. ಆ ಬೀದಿ ಅವನ ಕೈತಪ್ಪಿತು.

ಇದು ಸರಿಯಾ ಅಂತ ಕೇಳಿದಿರಿ. ಏಟು ತಾನೇ ಕೇಳಿ ಪಡೆದದ್ದು ಅನ್ನುವುದು ನಿಜ. ಅದು ಎಷ್ಟು ನೋಯಿಸೀತು ಅಂತ ಅವನು ಲೆಕ್ಕ ತಪ್ಪಿದ ಅನ್ನುವುದೂ ನಿಜ. ಗೋಲ್ಡ್‌ಸ್ಮಿತ್‌ನ ವಿಷಯದಲ್ಲಿ ಅವನು ನ್ಯಾಯವಾಗಿ ನಡೆದುಕೊಳ್ಳಲಿಲ್ಲ ಅಂತ ನನ್ನ ಅಭಿಪ್ರಾಯ. ತನ್ನನ್ನು ಗೌರವಿಸುತ್ತಿದ್ದ ಹುಡುಗನ ಪಾಲಿಗೆ ಅವನು ತೀರಾ ಬಿರುಸಾದ. ಗೋಲ್ಡ್‌ಸ್ಮಿತ್ ಅದೇ ವರ್ಷ ಅಕ್ಟೋಬರ್‌ನಲ್ಲಿ ಪತ್ರಿಕೆ ಮಾರಿದ. ಒಮ್ಮೆ ದಾರಿಯಲ್ಲಿ ಕೀರ್ಕೆಗಾರ್ಡ್ ಮಾತಿಲ್ಲದೆ ಬೀರಿದ ನೋಟವೇ ತನ್ನ ಮನಸ್ಸು ಬದಲಿಸಿತು ಅಂತ ಮುಂದೆ ಬರೆದುಕೊಂಡ. ಆದರೂ ಎರಡು ಗೇಲಿಗಳು ಒಂದೇ ಅಲ್ಲ. ಕೀರ್ಕೆಗಾರ್ಡ್ ನಗುತ್ತಿದ್ದದ್ದು ಮನುಷ್ಯ ತಾನೇ ಆರಿಸಿಕೊಂಡ ಸುಳ್ಳನ್ನು ನೋಡಿ. 'ಕೋರ್ಸೇರನ್' ನಕ್ಕದ್ದು ಅವನ ಮೈಯನ್ನು ನೋಡಿ. ಅದರ ಜೊತೆ ಇಡೀ ಊರು ನಕ್ಕಾಗ ಆ ನಗುವಿಗೆ ಹೊಣೆ ಹೊರುವವರು ಯಾರೂ ಇರಲಿಲ್ಲ. ಗುಂಪು ಅಂದರೆ ಅಸತ್ಯ ಅನ್ನುವ ಅವನ ಮಾತಿನ ಹಿಂದೆ ಆ ದಿನಗಳ ಬೀದಿ ಇದೆ.

ಇದಾದ ಮೇಲೆ ಅವನ ಬರಹ ನಿಧಾನವಾಗಿ ಬೆತ್ತಲಾಗುತ್ತಾ ಬಂತು. 1854ರ ಜನವರಿಯಲ್ಲಿ ಬಿಷಪ್ ಮಿನ್‌ಸ್ಟರ್ ತೀರಿಕೊಂಡ. ಕೀರ್ಕೆಗಾರ್ಡ್‌ನ ತಂದೆಗೆ ಗುರುವಿನಂತಿದ್ದವನು, ಅವನ ಪ್ರವಚನಗಳನ್ನು ಓದಿಯೇ ಮಗನೂ ಬೆಳೆದಿದ್ದ. ಸ್ಮರಣೆಯ ಪ್ರವಚನದಲ್ಲಿ ಮಾರ್ಟೆನ್ಸೆನ್ ಮಿನ್‌ಸ್ಟರ್‌ನನ್ನು 'ಸತ್ಯದ ಸಾಕ್ಷಿ' ಅಂತ ಕರೆದ. ಸತ್ಯಕ್ಕಾಗಿ ಹೊಡೆತ ತಿಂದು ಸತ್ತವರಿಗೆ ಸಲ್ಲುವ ಮಾತು ಅದು. ಮಿನ್‌ಸ್ಟರ್ ಸುಖವಾಗಿ, ಸರ್ಕಾರದ ಗೌರವದಲ್ಲಿ ಬಾಳಿದವನು. ಮಾರ್ಟೆನ್ಸೆನ್ ಬಿಷಪ್ ಆಗುವ ತನಕ ಕಾದು, ಡಿಸೆಂಬರ್ 18ರಂದು ಕೀರ್ಕೆಗಾರ್ಡ್ ತನ್ನ ಸ್ವಂತ ಹೆಸರಿನಲ್ಲಿ ಅದು ಸುಳ್ಳು ಅಂತ ಬರೆದ. ಮುಂದಿನ ಮೇ ತಿಂಗಳಿಂದ 'ಕ್ಷಣ' ಅನ್ನುವ ಚಿಕ್ಕ ಪತ್ರಿಕೆಯನ್ನು ತಾನೊಬ್ಬನೇ ಬರೆದು ತಂದ. ಒಂಬತ್ತು ಸಂಚಿಕೆ ಬಂದವು.

ಇದು ವಿಡಂಬನೆಯೇ. ಮರೆಮಾಚಿದ್ದು ಏನೂ ಇಲ್ಲ. ಅದರಲ್ಲಿ ಲುಡ್ವಿಗ್ ಫ್ರೊಮ್ ಅನ್ನುವ ದೇವತಾಶಾಸ್ತ್ರದ ಪದವೀಧರನ ಕಥೆ ಇದೆ. ಅವನು ಏನನ್ನೋ ಹುಡುಕುತ್ತಿದ್ದಾನೆ. ಏನನ್ನು? ಮೊದಲು ದೇವರ ರಾಜ್ಯವನ್ನು ಹುಡುಕಿರಿ ಅಂತ ಬೈಬಲ್ ಹೇಳುತ್ತದಲ್ಲ, ಅದನ್ನೇ ಇರಬೇಕು. ಅಲ್ಲ, ಸರ್ಕಾರಿ ಪಾದ್ರಿಯ ಕೆಲಸ. ಮೊದಲು ಶಾಲೆ, ಮೊದಲು ಈ ಪರೀಕ್ಷೆ, ಮೊದಲು ಆ ಪರೀಕ್ಷೆ. ಕೊನೆಗೆ ಕೆಲಸ ಸಿಗುತ್ತದೆ. ಆಮೇಲೆ ನೋಡಿದರೆ ಸ್ಥಳದ ಆದಾಯ ತಾನು ಅಂದುಕೊಂಡದ್ದಕ್ಕಿಂತ 150 ರಿಗ್ಸ್‌ಡಾಲರ್‌ನಷ್ಟು ಕಡಿಮೆ. ಬೇಡ ಅಂತ ಹಿಂದೆ ಸರಿಯಲು ನೋಡುತ್ತಾನೆ, ಒಬ್ಬರು ಸಮಾಧಾನ ಮಾಡಿ ಒಪ್ಪಿಸುತ್ತಾರೆ. ಅವನ ಪ್ರವಚನಕ್ಕೆ ಬಂದ ವಾಕ್ಯ 'ಮೊದಲು ದೇವರ ರಾಜ್ಯವನ್ನು ಹುಡುಕಿರಿ'. ಬಿಷಪ್ ಕೇಳಿ ಮೆಚ್ಚುತ್ತಾನೆ, ಅದರಲ್ಲೂ ಆ 'ಮೊದಲು' ಅನ್ನುವ ಪದಕ್ಕೆ ಅವನು ಕೊಟ್ಟ ಒತ್ತನ್ನು. ಒಂದೆರಡು ಪುಟದ ಈ ಕಥೆಯಲ್ಲಿ ಒಂದು ಬೈಗುಳವೂ ಇಲ್ಲ. 'ಮೊದಲು' ಅನ್ನುವ ಒಂದೇ ಪದ ಎಲ್ಲ ಕೆಲಸ ಮಾಡಿದೆ. ಅದೇ ಪತ್ರಿಕೆಯಲ್ಲಿ ಇನ್ನೊಂದು ಕಡೆ, ಭವ್ಯ ಚರ್ಚಿನಲ್ಲಿ, ಆರಿಸಿದ ದೊಡ್ಡ ಜನರ ಮುಂದೆ, ಬಿರುದುಗಳನ್ನು ಹೊತ್ತ ಪ್ರವಚನಕಾರನೊಬ್ಬ 'ದೇವರು ಲೋಕದಲ್ಲಿ ಕೀಳಾದವರನ್ನೂ ತಿರಸ್ಕಾರಕ್ಕೆ ಒಳಗಾದವರನ್ನೂ ಆರಿಸಿಕೊಂಡ' ಅನ್ನುವ ವಾಕ್ಯದ ಮೇಲೆ ಮನಕರಗುವ ಹಾಗೆ ಮಾತಾಡುತ್ತಾನೆ. ಯಾರೂ ನಗುವುದಿಲ್ಲ ಅಂತ ಕೀರ್ಕೆಗಾರ್ಡ್ ಅಲ್ಲಿಗೆ ನಿಲ್ಲಿಸುತ್ತಾನೆ.

ಆ ಪತ್ರಿಕೆಯ ಕೆಲವು ಪುಟಗಳು ಮಿತಿಮೀರಿವೆ. ಪಾದ್ರಿಗಳನ್ನು ನರಭಕ್ಷಕರು ಅಂತ ಕರೆದದ್ದು ಯಾರ ಮನಸ್ಸನ್ನೂ ತಿರುಗಿಸಿರಲಾರದು. ಮಾರ್ಟೆನ್ಸೆನ್ ಒಂದು ಸಲ ಉತ್ತರ ಕೊಟ್ಟು ಸುಮ್ಮನಾದ. ಆದರೆ ಕೀರ್ಕೆಗಾರ್ಡ್ ತಾನು ಹೇಳಿದ್ದರಂತೆ ನಡೆದುಕೊಂಡ ಅನ್ನುವುದನ್ನು ಯಾರೂ ಅಲ್ಲಗಳೆಯುವಂತಿಲ್ಲ. ತಂದೆಯ ಆಸ್ತಿ ಹೆಚ್ಚುಕಡಿಮೆ ಕರಗಿತ್ತು. 1855ರ ಅಕ್ಟೋಬರ್ 2ರಂದು ಅವನನ್ನು ಆಸ್ಪತ್ರೆಗೆ ಸೇರಿಸಿದರು. 'ಕ್ಷಣ'ದ ಹತ್ತನೆಯ ಸಂಚಿಕೆ ಬರೆದು ಮುಗಿಸಿ ಮನೆಯಲ್ಲೇ ಇತ್ತು. ಸಾಯುವ ಮುಂಚೆ ಕ್ರೈಸ್ತರು ತೆಗೆದುಕೊಳ್ಳುವ ಪವಿತ್ರ ಪ್ರಸಾದವನ್ನು ಪಾದ್ರಿಯ ಕೈಯಿಂದ ತೆಗೆದುಕೊಳ್ಳಲಾರೆ, ಪಾದ್ರಿಗಳು ದೊರೆಯ ನೌಕರರು ಅಂದ. ಚರ್ಚಿನ ಹುದ್ದೆಯಲ್ಲಿಲ್ಲದ ಸಾಮಾನ್ಯನೊಬ್ಬ ಕೊಟ್ಟರೆ ತೆಗೆದುಕೊಳ್ಳಲು ಸಿದ್ಧನಿದ್ದ. ಅದು ಆಗಲಿಲ್ಲ. ನವೆಂಬರ್ 11ರಂದು, 42ನೆಯ ವಯಸ್ಸಿಗೆ ತೀರಿಕೊಂಡ. ಇವನನ್ನು ಧಾರ್ಮಿಕ ಚಿಂತಕ ಅಂತ ಯಾಕೆ ಕರೆಯುತ್ತಾರೆ ಅಂತ ಕೇಳಿದಿರಲ್ಲ, ಆ ಹಾಸಿಗೆಯ ಮೇಲೆ ಅವನು ಬೇಡ ಅಂದದ್ದನ್ನೂ ಬೇಕು ಅಂದದ್ದನ್ನೂ ಒಟ್ಟಿಗೆ ಇಟ್ಟು ನೋಡಿ.

ಇನ್ನು ನಿಮ್ಮ ಪುಸ್ತಕಕ್ಕೆ ವಾಪಸ್ ಬರೋಣ. ಅದರಲ್ಲಿ ಇಬ್ಬರು ಮಾತಾಡುತ್ತಾರೆ ಅಂದಿರಿ. ಮೂರನೆಯವನೊಬ್ಬ ಇದ್ದಾನೆ. ಓದುವ ಹೊತ್ತಿಗೆ ದಣಿದು ಬಹಳ ಜನ ಅವನನ್ನು ದಾಟಿಬಿಡುತ್ತಾರೆ. ಎರಡನೆಯ ಭಾಗದ ಕಟ್ಟಕಡೆಗೆ ನ್ಯಾಯಾಧೀಶ ತನ್ನ ಗೆಳೆಯನೊಬ್ಬನ ಪ್ರವಚನವನ್ನು ಯುವಕನಿಗೆ ಕಳಿಸುತ್ತಾನೆ. ಆ ಗೆಳೆಯ ಯೂಟ್‌ಲ್ಯಾಂಡಿನ ಬಂಜರು ಬಯಲಿನ ಹಳ್ಳಿಯೊಂದರ ಪಾದ್ರಿ. ದೇವರ ಮುಂದೆ ನಾವು ಯಾವಾಗಲೂ ತಪ್ಪಿನಲ್ಲೇ ಇದ್ದೇವೆ ಅನ್ನುವ ತಿಳಿವು ಹೇಗೆ ಮನಸ್ಸನ್ನು ಎತ್ತಿ ನಿಲ್ಲಿಸುತ್ತದೆ ಅಂತ ಅದು ಹೇಳುತ್ತದೆ. ಯುವಕನಿಗೆ ಬುದ್ಧಿ ಹೇಳುತ್ತಾ ನೂರಾರು ಪುಟ ಬರೆದ ನ್ಯಾಯಾಧೀಶ ಇದನ್ನು ಓದಿ, ಮೊದಲು ತನಗೇ ಅನ್ವಯಿಸಿಕೊಂಡೆ ಅನ್ನುತ್ತಾನೆ. ಆ ಪ್ರವಚನದಲ್ಲಿ ವ್ಯಂಗ್ಯ ಇಲ್ಲ. ಇಪ್ಪತ್ತೇ ಪುಟದಷ್ಟಿದೆ. ಒಂದು ಬೆಳಿಗ್ಗೆ ಬಿಡುವು ಮಾಡಿಕೊಂಡು ಅದನ್ನು ಗಟ್ಟಿಯಾಗಿ ಓದಿ. ಆಮೇಲೆ ಮೊದಲ ಭಾಗದ ಬೆಂಕಿ ಬಿದ್ದ ನಾಟಕಶಾಲೆಯ ಪ್ರಸಂಗಕ್ಕೆ ಮತ್ತೆ ಹೋಗಿ.